ಹೆಗಲ ಮೇಲಿನ ಹೊರೆ



ನಿಮ್ಮ ವಯಸ್ಸಿನವರು ಸಂಘದ ಕಾರ್ಯಕ್ರಮಗಳಲ್ಲಿ ಸಿಕ್ಕಾಗ ಕೇಳುವ ಪ್ರಶ್ನೆಗಳಲ್ಲಿ ಒಂದಂತೂ ತಪ್ಪದೆ ಇರುತ್ತದೆ. “ಫೋಟೋಗ್ರಫಿಯನ್ನೇ ವೃತ್ತಿ ಮಾಡಿಕೊಳ್ಳಬೇಕೆಂದಿದ್ದೇನೆ. ಯಾವ ಕ್ಯಾಮೆರಾ ಕೊಳ್ಳಲಿ?” ಇದರ ಬೆನ್ನಿಗೇ ಅಪ್ಪನ ಪ್ರಶ್ನೆ: “ಒಂದು ಕ್ಯಾಮೆರಾಕ್ಕೆ ಇಷ್ಟು ದುಡ್ಡೇ?” ಮಕ್ಕಳು ತಿಂಗಳ ಕಂತಿನ ಲೆಕ್ಕ ಒಪ್ಪಿಸುತ್ತಾರೆ. ಅಮ್ಮ ನಡುವೆ ನಿಂತು ಇಬ್ಬರಿಗೂ ಸಮಾಧಾನ ಹೇಳುತ್ತಾರೆ. ಮೈಲಾಪುರದಿಂದ ತಾಂಬರಂವರೆಗೆ ಈ ಮಾತುಕತೆ ನಡೆಯದ ಬೀದಿ ಇರಲಾರದು.

ಯಾವ ಕ್ಯಾಮೆರಾ ಎಂಬ ಪ್ರಶ್ನೆಗೆ ನಾನಿಲ್ಲಿ ಉತ್ತರ ಹೇಳುವುದಿಲ್ಲ. ಈ ಸಂಚಿಕೆ ಅಚ್ಚಾಗಿ ನಿಮ್ಮ ಮನೆಗೆ ಬರುವಷ್ಟರಲ್ಲಿ ಇನ್ನೊಂದು ಮಾದರಿ ಮಾರುಕಟ್ಟೆಗೆ ಬಂದಿರುತ್ತದೆ. ಅದರ ಬದಲು, ನಮಗಿಂತ ಮೊದಲು ಕ್ಯಾಮೆರಾ ಹಿಡಿದು ಊರೂರು, ಕಾಡುಮೇಡು ಅಲೆದವರು ಏನೇನು ಹೊತ್ತುಕೊಂಡು ಹೋದರು, ಅದನ್ನೇ ಏಕೆ ಹೊತ್ತರು ಎಂದು ನೋಡೋಣ. ನಾನು ಆರಿಸಿಕೊಂಡವರಲ್ಲಿ ಇಬ್ಬರಿಗೆ ನಮ್ಮ ಈ ಊರಿನ ನಂಟೂ ಇದೆ, ಕನ್ನಡ ನಾಡಿನ ನಂಟೂ ಇದೆ. ಮಿಕ್ಕ ಇಬ್ಬರು ಮೈಸೂರಿನವರು.

ಮೊದಲನೆಯವನು ಲೀನಿಯಸ್ ಟ್ರೈಪ್ ಎಂಬ ಇಂಗ್ಲಿಷರವನು, ಮದರಾಸು ಸೈನ್ಯದ ಅಧಿಕಾರಿ. 1854ರ ಕೊನೆಯಲ್ಲಿ ಅವನು ಬೇಲೂರು, ಹಳೇಬೀಡುಗಳಿಗೆ ಹೋಗಿ ದೇವಾಲಯಗಳ ಚಿತ್ರ ತೆಗೆದ. ಅದಕ್ಕೆ ಮೊದಲು ಆ ಕಲ್ಲುಗಳ ಮುಂದೆ ಯಾರೂ ಕ್ಯಾಮೆರಾ ನಿಲ್ಲಿಸಿರಲಿಲ್ಲ. ಸ್ವಾರಸ್ಯದ ಸಂಗತಿಯೆಂದರೆ, ಆ ಚಿತ್ರಗಳನ್ನು ಜನ ನೋಡಿದ್ದು ಇದೇ ಮದರಾಸಿನಲ್ಲಿ. 1855ರ ಫೆಬ್ರವರಿಯಲ್ಲಿ ಇಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದಲ್ಲಿ ಅವನು 68 ಚಿತ್ರಗಳನ್ನಿಟ್ಟು ತೀರ್ಪುಗಾರರ ಮೆಚ್ಚುಗೆ ಪಡೆದ. ಮುಂದೆ ಮದರಾಸು ಸರ್ಕಾರ ಅವನನ್ನೇ ತನ್ನ ಛಾಯಾಗ್ರಾಹಕನನ್ನಾಗಿ ನೇಮಿಸಿಕೊಂಡಿತು.

ಅವನ ಹೊರೆ ಎಂಥದ್ದು ಗೊತ್ತೆ? ಅಂದಿನ ದಿನಗಳಲ್ಲಿ ಚಿಕ್ಕ ನೆಗೆಟಿವ್‌ನಿಂದ ದೊಡ್ಡ ಚಿತ್ರ ಮಾಡುವ ಅನುಕೂಲವಿರಲಿಲ್ಲ. ಚಿತ್ರ ಎಷ್ಟು ದೊಡ್ಡದೋ ನೆಗೆಟಿವ್ ಅಷ್ಟೇ ದೊಡ್ಡದು, ನೆಗೆಟಿವ್ ಎಷ್ಟು ದೊಡ್ಡದೋ ಕ್ಯಾಮೆರಾ ಅದಕ್ಕಿಂತ ದೊಡ್ಡದು. ಒಂದಡಿಗೂ ಮೀರಿದ ಕಾಗದದ ನೆಗೆಟಿವ್ ಬೇಕೆಂದರೆ ಮರದ ಪೆಟ್ಟಿಗೆಯಂಥ ಕ್ಯಾಮೆರಾ ಬೇಕು, ಅದನ್ನು ನಿಲ್ಲಿಸಲು ಗಟ್ಟಿಯಾದ ಮುಕ್ಕಾಲಿ ಬೇಕು. ಅದರ ಮೇಲೆ ಔಷಧಗಳ ಸೀಸೆಗಳು, ತಟ್ಟೆಗಳು, ಶುದ್ಧವಾದ ನೀರು. ಎಲ್ಲವೂ ಎತ್ತಿನ ಗಾಡಿಯ ಮೇಲೆ ಸಾಗಬೇಕು. ಆಗ ಗಾಜಿನ ಮೇಲೆ ಚಿತ್ರ ತೆಗೆಯುವ ಪದ್ಧತಿಯೂ ಬಂದಿತ್ತು. ಆದರೆ ಗಾಜಿಗೆ ಔಷಧ ಬಳಿದು ಅದು ಒಣಗುವ ಮೊದಲೇ ಚಿತ್ರ ತೆಗೆದು, ಅಲ್ಲೇ ಕತ್ತಲೆಯ ಡೇರೆಯೊಳಗೆ ತೊಳೆದು ಮುಗಿಸಬೇಕು. ನಮ್ಮ ಬಿಸಿಲಿನಲ್ಲಿ ಅದು ಸುಲಭವಲ್ಲ. ಮೇಣ ಹಚ್ಚಿದ ಕಾಗದವನ್ನಾದರೋ ಮೊದಲೇ ಸಿದ್ಧಪಡಿಸಿ ಇಟ್ಟುಕೊಳ್ಳಬಹುದು, ಆಮೇಲೆ ನಿಧಾನವಾಗಿ ತೊಳೆಯಬಹುದು. ಗಾಜಿಗಿಂತ ಹಗುರ, ಒಡೆಯುವ ಭಯವೂ ಇಲ್ಲ. ಟ್ರೈಪ್ ಕಾಗದವನ್ನೇ ಹಿಡಿದ.

ಕಾಗದದ ದೋಷವೆಂದರೆ ಅದು ನಿಧಾನ. ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಕಾಯಬೇಕು. ಎದುರಿಗಿದ್ದವರು ಅಲುಗಾಡಿದರೆ ಮಸಕಾಗಿ ಮಾಯವಾಗುತ್ತಾರೆ. ಆದರೆ ಹಳೇಬೀಡಿನ ಗೋಡೆ ಅಲುಗಾಡುವುದಿಲ್ಲವಲ್ಲ! ಅವನ ವಸ್ತುವಿಗೆ ಆ ನಿಧಾನವೇ ಸಾಕಿತ್ತು. 1858ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ತಳಪಾಯದ ಉದ್ದಕ್ಕೂ ಇರುವ ಶಾಸನವನ್ನು ಅವನು ತುಂಡುತುಂಡಾಗಿ ತೆಗೆದು, 21 ಚಿತ್ರಗಳನ್ನು ಒಂದಕ್ಕೊಂದು ಜೋಡಿಸಿ, ಸುಮಾರು 20 ಅಡಿ ಉದ್ದದ ಒಂದೇ ಚಿತ್ರ ಮಾಡಿದ. ಇಂದು ನಿಮ್ಮ ಮೊಬೈಲಿನಲ್ಲಿ ‘ಪನೋರಮಾ’ ಎಂದು ಬೆರಳಾಡಿಸಿದರೆ ಆಗುವ ಕೆಲಸ ಅದು.

ಎರಡನೆಯವರು ನಮ್ಮ ಮೈಲಾಪುರದ ಎಂ. ಕೃಷ್ಣನ್ (1912–1996). ತಮಿಳಿನ ಹೆಸರಾಂತ ಲೇಖಕ ಅ. ಮಾಧವಯ್ಯನವರ ಮಗ. ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತಿರಲಾರದು, ಈ ತಮಿಳರು 1942ರಲ್ಲಿ ಕೆಲಸಕ್ಕೆ ಸೇರಿದ್ದು ಬಳ್ಳಾರಿಯ ಪಕ್ಕದ ಸಂಡೂರು ಸಂಸ್ಥಾನದಲ್ಲಿ. ಅಲ್ಲಿ ಮೇಷ್ಟರಾಗಿ, ನ್ಯಾಯಾಧೀಶರಾಗಿ, ಪ್ರಚಾರಾಧಿಕಾರಿಯಾಗಿ ನಾನಾ ಕೆಲಸ ಮಾಡಿದರು. ಸುತ್ತಲಿನ ಗುಡ್ಡ, ಕಾಡು, ಪ್ರಾಣಿ ಪಕ್ಷಿಗಳನ್ನು ಹತ್ತಿರದಿಂದ ಕಂಡರು. ಮದರಾಸಿಗೆ ಮರಳಿದ ಮೇಲೆ ಬರವಣಿಗೆ ಮತ್ತು ಕ್ಯಾಮೆರಾ ಎರಡನ್ನೇ ನೆಚ್ಚಿಕೊಂಡು ಬದುಕಿದರು. ಅದೇ ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆಯವರೂ (1931–2011) ಮುಂದೆ ವನ್ಯಜೀವಿ ಛಾಯಾಗ್ರಾಹಕರಾಗಿ ಹೆಸರು ಮಾಡಿದರು. ಕರ್ನಾಟಕದ ಅರ್ಥಸಚಿವರಾಗಿದ್ದ ಅವರು ರಾಜಕೀಯದ ನಡುವೆಯೂ ಕಾಡಿಗೆ ಕ್ಯಾಮೆರಾ ಹೊತ್ತುಕೊಂಡು ಹೋಗುತ್ತಿದ್ದವರು. ಸಂಡೂರಿನ ಮಣ್ಣಿನಲ್ಲಿ ಕಬ್ಬಿಣದ ಅದಿರು ಮಾತ್ರ ಇಲ್ಲವೆಂದಾಯಿತು.

ಕೃಷ್ಣನ್ ಅವರ ವಸ್ತು ಆನೆ, ಕಾಟಿ, ಕಡವೆ. ಜಾಗ ಮುದುಮಲೈ, ಬಂಡೀಪುರದಂಥ ಕಾಡುಗಳು. ಎಷ್ಟೋ ಚಿತ್ರಗಳನ್ನು ಅವರು ತೆಗೆದದ್ದು ಸಾಕಾನೆಯ ಬೆನ್ನ ಮೇಲೆ ಕುಳಿತು. ಇದರ ಕಷ್ಟ ಏನೆಂದು ಸ್ವಲ್ಪ ವಿವರಿಸುತ್ತೇನೆ. ದೂರದ ಪ್ರಾಣಿಯನ್ನು ಹತ್ತಿರ ತರುವ ಉದ್ದನೆಯ ಲೆನ್ಸ್ ಪ್ರಾಣಿಯನ್ನು ದೊಡ್ಡದು ಮಾಡುವುದಲ್ಲದೆ ನಮ್ಮ ಕೈಯ ನಡುಕವನ್ನೂ ದೊಡ್ಡದು ಮಾಡುತ್ತದೆ. ಫೋಟೋದವರಲ್ಲಿ ಒಂದು ಹಳೆಯ ಲೆಕ್ಕವಿದೆ. 500 ಮಿಲಿಮೀಟರಿನ ಲೆನ್ಸ್ ಹಿಡಿದರೆ ಷಟರ್ ಒಂದು ಸೆಕೆಂಡಿನ 500ನೇ ಒಂದು ಭಾಗದಷ್ಟೇ ತೆರೆದಿರಬೇಕು, ಇಲ್ಲವಾದರೆ ಚಿತ್ರ ಅಲುಗುತ್ತದೆ. ಆದರೆ ಕಾಡಿನ ನೆರಳಿನಲ್ಲಿ ಬೆಳಕೇ ಕಡಿಮೆ. ಷಟರ್ ಹೆಚ್ಚು ಹೊತ್ತು ತೆರೆದಿಟ್ಟರೆ ಮಾತ್ರ ಫಿಲ್ಮಿನ ಮೇಲೆ ಏನಾದರೂ ಮೂಡೀತು. ಆನೆಯ ಬೆನ್ನ ಮೇಲೆ ಮುಕ್ಕಾಲಿ ನಿಲ್ಲಿಸಲು ಸಾಧ್ಯವೇ? ಆನೆ ಉಸಿರೆಳೆದರೆ ಸಾಕು, ಕೂತವನೂ ಕ್ಯಾಮೆರಾವೂ ಸೇರಿ ಮೇಲೆದ್ದು ಇಳಿಯುತ್ತಾರೆ.

ಇಂಥ ಕೆಲಸಕ್ಕೆ ಬೇಕಾದ ಸಲಕರಣೆ ಅಂಗಡಿಯಲ್ಲಿ ಇಡಿಯಾಗಿ ಸಿಗಲಿಲ್ಲ. ಸಿಕ್ಕರೂ ಕೊಳ್ಳುವ ಶಕ್ತಿ ಬರಹಗಾರನ ಜೇಬಿಗೆಲ್ಲಿ? ಕೃಷ್ಣನ್ ಒಂದು ಕಂಪನಿಯ ಕ್ಯಾಮೆರಾಕ್ಕೆ ಇನ್ನೊಂದು ಕಂಪನಿಯ ಲೆನ್ಸನ್ನು ತಾವೇ ಜೋಡಿಸಿ, ಮಿಕ್ಕ ಭಾಗಗಳನ್ನು ಸಿಕ್ಕಿದ್ದರಲ್ಲಿ ಹೊಂದಿಸಿಕೊಂಡು, ನೋಡಿದವರು ಬೆರಗಾಗುವಂಥ ಒಂದು ಯಂತ್ರ ಮಾಡಿಕೊಂಡಿದ್ದರು. ಅದಕ್ಕೆ ‘ಸೂಪರ್ ಪಾಂಡರೋಸಾ’ ಎಂದು ತಮಾಷೆಯ ಹೆಸರನ್ನೂ ಇಟ್ಟಿದ್ದರು. ‘ಮಹಾ ಭಾರದ್ದು’ ಎಂದು ಅರ್ಥಮಾಡಿಕೊಳ್ಳಿ! ಆ ಭಾರದ ಯಂತ್ರದಿಂದ ಕಪ್ಪು ಬಿಳುಪಿನಲ್ಲಿ ಅವರು ತೆಗೆದ ಆನೆಗಳ ಚಿತ್ರಗಳನ್ನು ಇಂದಿಗೂ ಬಲ್ಲವರು ಗೌರವದಿಂದ ನೋಡುತ್ತಾರೆ. ಅವರಿಗೆ ಪದ್ಮಶ್ರೀ ಬಂತು. 2006ರಲ್ಲಿ ‘ಐ ಇನ್ ದ ಜಂಗಲ್’ ಎಂಬ ಹೆಸರಿನಲ್ಲಿ ಅವರ ಚಿತ್ರ ಮತ್ತು ಬರಹಗಳ ಪುಸ್ತಕವೂ ಹೊರಬಂತು. ಸಿಕ್ಕರೆ ಬಿಡದೆ ನೋಡಿ.

ಮೂರನೆಯವರು ಮೈಸೂರಿನ ಟಿ.ಎಸ್. ಸತ್ಯನ್ (1923–2009). ಭಾರತದ ಪತ್ರಿಕಾ ಛಾಯಾಗ್ರಹಣದ ಹಿರಿಯರಲ್ಲಿ ಒಬ್ಬರು. 1948ರಲ್ಲಿ ‘ಡೆಕ್ಕನ್ ಹೆರಾಲ್ಡ್’ ಶುರುವಾದಾಗ ಅಲ್ಲಿ ಕೆಲಸಕ್ಕೆ ಸೇರಿದವರು, ಮುಂದೆ ‘ಇಲಸ್ಟ್ರೇಟೆಡ್ ವೀಕ್ಲಿ’ಗೆ, ವಿದೇಶದ ‘ಲೈಫ್’ ಪತ್ರಿಕೆಗೆ, ಯುನಿಸೆಫ್‌ಗೆ ಚಿತ್ರಗಳನ್ನು ಕೊಟ್ಟರು. 1977ರಲ್ಲಿ ಪದ್ಮಶ್ರೀ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲೇ ನಡೆಯಿತು.

ಸತ್ಯನ್ ಅವರ ವಸ್ತು ಮನುಷ್ಯರು. ಹೆಚ್ಚಾಗಿ ಸಾಮಾನ್ಯ ಜನ, ಅವರ ದಿನನಿತ್ಯದ ಕೆಲಸ, ಅವರ ಮಕ್ಕಳು. ಎತ್ತಿನ ಗಾಡಿಯಲ್ಲಿ ಸಾಮಾನು ತಂದು ಇಳಿಸಿದರೆ ಮಗು ಓಡಿಹೋಗುತ್ತದೆ. ಒಂದು ಮೊಳದ ಲೆನ್ಸನ್ನು ಮುಖಕ್ಕೆ ಹಿಡಿದರೆ ನಗು ನಿಂತುಹೋಗುತ್ತದೆ. ಇಂಥವರಿಗೆ ಹೊರೆ ಹಗುರವಾಗಿರಬೇಕು, ಕಣ್ಣಿಗೆ ಬೀಳದಂತೆಯೂ ಇರಬೇಕು. ಅಂದಿನ ಪತ್ರಿಕೆಯವರಲ್ಲಿ ಬಹಳ ಮಂದಿ ಬಳಸುತ್ತಿದ್ದ ರೋಲಿಫ್ಲೆಕ್ಸ್ ಕ್ಯಾಮೆರಾವನ್ನು ನೀವು ಹಳೆಯ ಸಿನಿಮಾಗಳಲ್ಲಿ ನೋಡಿರುತ್ತೀರಿ. ಒಂದರ ಮೇಲೊಂದು ಎರಡು ಕಣ್ಣು, ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡುವುದು. ಫೋಟೋ ತೆಗೆಯುವವನು ತಲೆ ಬಾಗಿಸಿಕೊಂಡಿರುತ್ತಾನೆ, ಕ್ಯಾಮೆರಾ ಮಗುವಿನ ಮುಖದ ಎತ್ತರಕ್ಕೇ ಇರುತ್ತದೆ. ಒಂದು ರೋಲಿಗೆ 12 ಚಿತ್ರ ಮಾತ್ರ. ಒಂದೊಂದನ್ನೂ ಯೋಚಿಸಿಯೇ ಒತ್ತಬೇಕು.

ಇಲ್ಲೇ ಇನ್ನೊಬ್ಬ ಮೈಸೂರಿನವರನ್ನು ನೆನೆಯದಿದ್ದರೆ ತಪ್ಪಾದೀತು. ಗುರುದತ್ ಚಿತ್ರಗಳ ಛಾಯಾಗ್ರಾಹಕ ವಿ.ಕೆ. ಮೂರ್ತಿ (1923–2014). ಸ್ಥಿರಚಿತ್ರದವರಲ್ಲ, ಚಲನಚಿತ್ರದವರು. ಆದರೂ ಪಾಠ ಒಂದೇ. 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಹಾಡೊಂದರಲ್ಲಿ ಕತ್ತಲೆಯ ನಡುವೆ ಮೇಲಿನಿಂದ ಇಳಿಯುವ ಬೆಳಕಿನ ಕಂಬ ಇಡೀ ದೇಶಕ್ಕೆ ಪ್ರಸಿದ್ಧ. ಅದಕ್ಕೆ ಅವರು ಬಳಸಿದ್ದು ದೊಡ್ಡ ದೀಪವನ್ನಲ್ಲ, ಎರಡು ದೊಡ್ಡ ಕನ್ನಡಿಗಳನ್ನು. ಹೊರಗಿನ ಕನ್ನಡಿ ಬಿಸಿಲನ್ನು ಹಿಡಿದು ಒಳಗಿನ ಕನ್ನಡಿಗೆ ಕೊಟ್ಟಿತು, ಒಳಗಿನದು ಅದನ್ನು ಬೇಕಾದ ಕಡೆಗೆ ತಿರುಗಿಸಿತು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ.

ಈಗ ಈ ನಾಲ್ವರನ್ನೂ ಒಟ್ಟಿಗೆ ನಿಲ್ಲಿಸಿ ನೋಡಿ. ಒಬ್ಬನದು ಗಾಡಿ ತುಂಬ ಸಾಮಾನು, ಒಬ್ಬರದು ತಾವೇ ಜೋಡಿಸಿದ ಭಾರದ ಯಂತ್ರ, ಒಬ್ಬರದು ಹಗುರ ಕೈಚಳಕ, ಒಬ್ಬರದು ಕನ್ನಡಿ. ಸಲಕರಣೆಯಲ್ಲಿ ಒಂದಕ್ಕೊಂದು ಹೋಲಿಕೆಯೇ ಇಲ್ಲ. ಆದರೆ ನಾಲ್ವರಿಗೂ ತಾವು ಯಾವುದನ್ನು ಚಿತ್ರವಾಗಿಸಬೇಕೆಂದು ಮೊದಲೇ ತಿಳಿದಿತ್ತು. ವಸ್ತು ಮೊದಲು ಗೊತ್ತಾಯಿತು, ಹೊರೆ ಆಮೇಲೆ ತಾನಾಗಿ ನಿಶ್ಚಯವಾಯಿತು. ನೀವು ಹೊರೆಯಿಂದ ಶುರುಮಾಡಿ ವಸ್ತುವನ್ನು ಹುಡುಕಲು ಹೊರಟರೆ, ಮದುವೆ ನಿಶ್ಚಯವಾಗುವ ಮೊದಲೇ ಛತ್ರ ಗೊತ್ತುಮಾಡಿದ ಹಾಗೆ.

ಇದನ್ನು ನಮ್ಮ ಚೆನ್ನೈಗೇ ಅನ್ವಯಿಸಿ ನೋಡೋಣ. ಬೆಳಗಿನ ಜಾವ ಕಾಸಿಮೇಡಿನ ಮೀನು ಬಂದರಿಗೆ ಹೋಗುವವನಿಗೆ ಅಗಲವಾಗಿ ಕಾಣುವ ಚಿಕ್ಕ ಲೆನ್ಸ್ ಇರುವ ಒಂದೇ ಕ್ಯಾಮೆರಾ ಸಾಕು. ಅಲ್ಲಿ ನೆಲವೆಲ್ಲ ನೀರು, ಬುಟ್ಟಿ ಹೊತ್ತವರು ಎಡಬಿಡದೆ ಓಡಾಡುತ್ತಿರುತ್ತಾರೆ. ಮುಕ್ಕಾಲಿ ನಿಲ್ಲಿಸಿದರೆ ಅವರ ದುಡಿಮೆಗೆ ಅಡ್ಡಿ. ವೇಡಂತಾಂಗಲ್ ಪಕ್ಷಿಧಾಮಕ್ಕೆ ಹೋದರೆ ಇದಕ್ಕೆ ತದ್ವಿರುದ್ಧ. ಹಕ್ಕಿಗಳು ಕೆರೆಯ ನಡುವಿನ ಮರಗಳ ಮೇಲೆ, ನಾವು ಏರಿಯ ಮೇಲೆ. 400 ಮಿಲಿಮೀಟರಿಗೆ ಕಡಿಮೆಯಾದರೆ ಕೊಕ್ಕರೆ ಚುಕ್ಕೆಯಂತೆ ಕಾಣುತ್ತದೆ. ಇನ್ನು ಡಿಸೆಂಬರ್ ಸಂಗೀತೋತ್ಸವದ ಸಭೆಗಳಲ್ಲಿ ಫ್ಲಾಷ್ ಹೊಡೆಯುವುದು ಅಪಚಾರ. ಆಲಾಪನೆಯ ನಡುವೆ ಷಟರ್ ಶಬ್ದವಾದರೂ ಮುಂದಿನ ಸಾಲಿನ ಮಾಮಿ ತಿರುಗಿ ನೋಡುತ್ತಾರೆ. ಅಲ್ಲಿ ಮಬ್ಬು ಬೆಳಕಿಗೂ ಒದಗುವ ಲೆನ್ಸ್ ಬೇಕು, ಸದ್ದಿಲ್ಲದ ಕ್ಯಾಮೆರಾ ಬೇಕು. ಮೂರೂ ನಮ್ಮ ಊರು ಮತ್ತು ಆಸುಪಾಸೇ, ಆದರೆ ಮೂರು ಬೇರೆ ಬೇರೆ ಚೀಲ.

ಮದುವೆಯ ಫೋಟೋದವರ ಚೀಲವನ್ನು ನೀವು ಹೆಚ್ಚು ಗಮನಿಸಬೇಕು, ಏಕೆಂದರೆ ಈ ವೃತ್ತಿಗೆ ಬರುವವರಲ್ಲಿ ಬಹಳ ಮಂದಿಗೆ ಮೊದಲ ಅನ್ನ ಅಲ್ಲೇ. ಅವರ ಚೀಲದಲ್ಲಿ ಎಲ್ಲವೂ ಜೋಡಿ. ಎರಡು ಕ್ಯಾಮೆರಾ, ಎರಡು ಫ್ಲಾಷ್, ಬೇಕಾದಷ್ಟು ಬ್ಯಾಟರಿ, ಒಂದೇ ಚಿತ್ರ ಒಟ್ಟಿಗೆ ಎರಡು ಕಾರ್ಡಿನಲ್ಲಿ ಉಳಿಯುವ ಏರ್ಪಾಡು. ಇದು ಡೌಲಿಗಲ್ಲ. ಮಾಂಗಲ್ಯಧಾರಣೆ ಒಂದೇ ಸಲ. ಗಟ್ಟಿಮೇಳ ನಿಂತ ಮೇಲೆ “ಕ್ಯಾಮೆರಾ ಕೈಕೊಟ್ಟಿತು ಸಾರ್, ಇನ್ನೊಮ್ಮೆ ಕಟ್ಟಿ” ಎನ್ನಲಾಗುವುದೇ? ಆ ಎರಡನೆಯ ಕ್ಯಾಮೆರಾದ ಭಾರವಿದೆಯಲ್ಲ, ಅದು ಹೆಣ್ಣಿನ ತಂದೆತಾಯಿ ನಿಮ್ಮ ಮೇಲೆ ಇಟ್ಟ ನಂಬಿಕೆಯ ಭಾರ. ವೃತ್ತಿಗೂ ಹವ್ಯಾಸಕ್ಕೂ ಇರುವ ವ್ಯತ್ಯಾಸ ನನಗೆ ಕಂಡಂತೆ ಇಷ್ಟೇ. ಹವ್ಯಾಸಿ ತನಗೆ ಬೇಕಾದ್ದನ್ನು ಹೊರುತ್ತಾನೆ, ವೃತ್ತಿಯವನು ಬೇರೆಯವರಿಗಾಗಿ ಹೊರುತ್ತಾನೆ.

ಕೊಂಡ ಸಾಮಾನನ್ನು ಕಾಪಾಡುವ ಮಾತನ್ನೂ ಹೇಳಿಬಿಡುತ್ತೇನೆ. ಚೆನ್ನೈಯ ಹವೆ ಲೆನ್ಸಿನ ಶತ್ರು. ತೇವ ಹೆಚ್ಚಾದರೆ ಗಾಜಿನ ಒಳಗೆ ಜೇಡರಬಲೆಯಂತೆ ಬೂಷ್ಟು ಬೆಳೆಯುತ್ತದೆ. ಕತ್ತಲೆಯ ಬೀರುವಿನಲ್ಲಿ ಚರ್ಮದ ಚೀಲದೊಳಗೆ ಮುಚ್ಚಿಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿತೆಂದರೆ ಅದು ನೀರು ಕುಡಿದು ತುಂಬಿದೆ ಎಂದರ್ಥ. ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಮರೀನಾ, ಬೆಸೆಂಟ್ ನಗರಗಳ ಕಡಲ ಗಾಳಿಯಲ್ಲಿ ಉಪ್ಪಿರುತ್ತದೆ. ಮನೆಗೆ ಬಂದೊಡನೆ ಹಿಂಡಿದ ಒದ್ದೆ ಬಟ್ಟೆಯಿಂದ ಹೊರಮೈ ಒರೆಸಿ, ಆಮೇಲೆ ಒಣಬಟ್ಟೆಯಿಂದ ಒರೆಸಿ. ಏಸಿ ಕಾರಿನಿಂದ ಇಳಿದ ಕೂಡಲೆ ಕ್ಯಾಮೆರಾ ತೆಗೆದರೆ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಅರ್ಧ ಗಂಟೆ ಚೀಲದಲ್ಲೇ ಬಿಟ್ಟು ಹೊರಗಿನ ಶಾಖಕ್ಕೆ ಹೊಂದಿಕೊಳ್ಳಲು ಬಿಡಿ.

ಇನ್ನು ದುಡ್ಡಿನ ಮಾತು. ಹಕ್ಕಿ, ಹುಲಿಗಳ ಹಿಂದೆ ಹೋಗುವವರು ಬಳಸುವ 600 ಮಿಲಿಮೀಟರಿನ ದೊಡ್ಡ ಲೆನ್ಸ್ 1990ರ ಸುಮಾರಿನಲ್ಲಿ ಆರು ಕಿಲೋ ಹತ್ತಿರ ತೂಗುತ್ತಿತ್ತು. ಈಗ ಅದು ಸುಮಾರು ಮೂರು ಕಿಲೋಗೆ ಇಳಿದಿದೆ. ಬೆಲೆ ಮಾತ್ರ ಇಳಿದಿಲ್ಲ, ಹತ್ತು ಲಕ್ಷ ರೂಪಾಯಿ ದಾಟುತ್ತದೆ. ಹೆಗಲಿನ ಹೊರೆ ಹಗುರವಾಗಿ, ಅಷ್ಟೂ ಭಾರ ಅಪ್ಪನ ಬ್ಯಾಂಕ್ ಪುಸ್ತಕಕ್ಕೆ ವರ್ಗವಾಯಿತೆನ್ನಿ! ಆದ್ದರಿಂದ ಮೊದಲು ಬಾಡಿಗೆಗೆ ತನ್ನಿ. ನಮ್ಮ ಊರಿನಲ್ಲೇ ದಿನಕ್ಕಿಷ್ಟು ಎಂದು ಲೆನ್ಸ್ ಕೊಡುವವರಿದ್ದಾರೆ. ಒಂದೇ ವಸ್ತುವಿನ ಹಿಂದೆ ಆರು ತಿಂಗಳು ಬಿಡದೆ ಹೋಗಿ. ಮಳೆ, ಬಿಸಿಲು, ಬೇಸರ ಎಲ್ಲ ಆದ ಮೇಲೂ ಅದೇ ಬೇಕೆನ್ನಿಸಿದರೆ ಆಗ ಕೊಳ್ಳಿ. ಅಪ್ಪನ ಮುಂದೆ ಆರು ತಿಂಗಳ ಚಿತ್ರಗಳನ್ನು ಹರಡಿ ಕೇಳುವುದಕ್ಕೂ, ಅಂಗಡಿಯ ಬೆಲೆಪಟ್ಟಿ ಹಿಡಿದು ಕೇಳುವುದಕ್ಕೂ ಬಹಳ ಅಂತರವಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ಹಿರಿಯರು ಕಾಲು ಚಾಚಬೇಡ ಎಂದು ಹೇಳಿದ್ದಲ್ಲ, ಹಾಸಿಗೆಯನ್ನು ಮೊದಲು ನೋಡಿಕೋ ಎಂದು ಹೇಳಿದ್ದು.

ಅಲ್ಲಿಯವರೆಗೆ ಕೈಯಲ್ಲಿರುವ ಮೊಬೈಲೇ ಆದೀತು. ವಸ್ತು ಎಲ್ಲಿ ಎನ್ನುತ್ತೀರಾ? ನಿಮ್ಮ ಮನೆಯಲ್ಲೇ ಇದೆ. 1954ರಲ್ಲಿ ಎ.ವಿ.ಎಂ.ನವರೂ ಗುಬ್ಬಿ ಕಂಪನಿಯವರೂ ಸೇರಿ ‘ಬೇಡರ ಕಣ್ಣಪ್ಪ’ ಮಾಡಿದ ಕಾಲದಿಂದ ಬಹಳ ವರ್ಷ ಕನ್ನಡ ಚಿತ್ರಗಳು ತಯಾರಾದದ್ದು ಹೆಚ್ಚಾಗಿ ಇಲ್ಲಿಯ ಸ್ಟುಡಿಯೋಗಳಲ್ಲಿ. ಆ ಕೆಲಸಕ್ಕೆಂದು ಬಂದವರು, ಬ್ಯಾಂಕು ರೈಲ್ವೆಗಳಿಗೆ ವರ್ಗವಾಗಿ ಬಂದವರು, ಹೋಟೆಲು ನಡೆಸಲು ಉಡುಪಿ ಕಡೆಯಿಂದ ಬಂದವರು ಈ ಊರಿನಲ್ಲಿ ಬೇರು ಬಿಟ್ಟರು. ನೀವು ಅವರ ಮಕ್ಕಳು, ಮೊಮ್ಮಕ್ಕಳು. ಆ ಹಿರಿಯರ ಕೈ, ಮುಖ, ಅವರು ಕೂರುವ ಕುರ್ಚಿ, ಅವರ ಅಡುಗೆಮನೆಯ ಒರಳು, ಇವುಗಳ ಮುಂದೆ ಯಾವ ಛಾಯಾಗ್ರಾಹಕನೂ ಗಾಡಿ ಹೂಡಿಕೊಂಡು ಬಂದು ನಿಲ್ಲುವುದಿಲ್ಲ. ನೀವೇ ನಿಲ್ಲಬೇಕು, ಅದೂ ಬೇಗ. ಹಳೇಬೀಡಿನ ಕಲ್ಲಿನಂತೆ ಅಜ್ಜಿ ತಾತ ಕಾಯುತ್ತಾ ಇರುವುದಿಲ್ಲ.

ಹೋಗುವಾಗ ಜೇಬಿನಲ್ಲಿ ಒಂದು ಸಣ್ಣ ಪುಸ್ತಕ, ಒಂದು ಪೆನ್ಸಿಲು ಇರಲಿ. ಕೃಷ್ಣನ್ ಅವರು 1950ರಿಂದ 46 ವರ್ಷ ಕಲ್ಕತ್ತೆಯ ‘ಸ್ಟೇಟ್ಸ್‌ಮನ್’ ಪತ್ರಿಕೆಗೆ ಬರೆದ ಅಂಕಣದ ಹೆಸರೇ ‘ಕಂಟ್ರಿ ನೋಟ್‌ಬುಕ್’. ಅದರ ಕೊನೆಯ ಕಂತು ಅಚ್ಚಾದದ್ದು 1996ರ ಫೆಬ್ರವರಿ 18ರಂದು, ಅವರು ತೀರಿಕೊಂಡ ದಿನವೇ. ಕಂಡದ್ದನ್ನು ಬರೆದಿಡದೆ ಬಿಟ್ಟವರಲ್ಲ ಅವರು. ನೀವೂ ಪ್ರತಿ ಚಿತ್ರಕ್ಕೆ ಮೂರು ಸಂಗತಿ ಬರೆಯಿರಿ: ಇವರು ಯಾರು, ಯಾವ ಊರಿನಿಂದ ಬಂದವರು, ಚಿತ್ರ ತೆಗೆದ ದಿನ ಯಾವುದು. ಕನ್ನಡದಲ್ಲೇ ಬರೆಯಿರಿ, ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ. ನಮ್ಮ ಬಹಳಷ್ಟು ಮನೆಗಳ ಟ್ರಂಕಿನಲ್ಲಿ ಹಳೆಯ ಫೋಟೋಗಳಿವೆ, ಅದರಲ್ಲಿರುವವರು ಯಾರೆಂದು ಹೇಳುವವರಿಲ್ಲ. ಒಳ್ಳೆಯ ಲೆನ್ಸು, ಒಳ್ಳೆಯ ಬೆಳಕು, ಆದರೆ ಚಿತ್ರ ಅನಾಥ. ಛಾಯಾಗ್ರಾಹಕ ಹೊರುವ ಸಾಮಾನಿನಲ್ಲಿ ಅತಿ ಹಗುರವಾದದ್ದು ಆ ಪೆನ್ಸಿಲು. ಅದನ್ನು ಮರೆತು ಹೋಗಬೇಡಿ.